ಸತ್ತವರಿಗೆ ನಾಲ್ಕು ಹೆಗಲು, ಬದುಕಿರುವವರಿಗೆ?

ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಯಾವ ಬಾಗಿಲಿಗೂ ಅಲೆಯಬೇಕಾಗಿಲ್ಲ. ಮಸೀದಿಯ ಮೈಕಿನಲ್ಲಿ ಸುದ್ದಿ ಹೊರಟ ಸ್ವಲ್ಪ ಹೊತ್ತಿಗೆ ಗುಸುಲ್ ಮಾಡಿಸುವವರು ಬರುತ್ತಾರೆ. ಒಬ್ಬರು ಕಫನ್ ಬಟ್ಟೆ ತರುತ್ತಾರೆ, ಇನ್ನೊಬ್ಬರು ಖಬರಸ್ಥಾನದಲ್ಲಿ ಗುಂಡಿ ತೋಡಿಸುತ್ತಾರೆ. ಪಕ್ಕದ ಮನೆಯಿಂದ ಊಟ ಬರುತ್ತದೆ. ಯಾರು ಏನು ಮಾಡಬೇಕೆಂದು ಎಲ್ಲಿಯೂ ಬರೆದಿಟ್ಟಿಲ್ಲ. ಆದರೂ ಒಬ್ಬರ ಕೆಲಸ ಮುಗಿಯುವಲ್ಲಿ ಇನ್ನೊಬ್ಬರ ಕೆಲಸ ಶುರುವಾಗುತ್ತದೆ. ಸತ್ತವನನ್ನು ಯಾರೂ ‘ನಾಳೆ ಬಾ’ ಎನ್ನುವುದಿಲ್ಲ.

ಅದೇ ಓಣಿಯಲ್ಲಿ ಬದುಕಿರುವವರ ಒಂದು ಮನೆಯಿದೆ. ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತು ವರ್ಷ ದುಡಿದ ಯಜಮಾನರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಜೊತೆಗೆ ಸಕ್ಕರೆ ಕಾಯಿಲೆ. ಇಪ್ಪತ್ತೆರಡು ವರ್ಷದ ಮಗನಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಆಗಾಗ ಫಿಟ್ಸ್ ಬರುತ್ತದೆ, ಮಾತಿಲ್ಲ, ತಾನಾಗಿ ಕೂರಲಾರ. ಇಬ್ಬರನ್ನೂ ನೋಡಿಕೊಳ್ಳುವಾಕೆಯನ್ನು ನಾವೆಲ್ಲ ಆಪಾ ಎನ್ನುತ್ತೇವೆ. ಸೀರೆಗೆ ಫಾಲ್ ಹೊಲಿದು ಮನೆ ನಡೆಸುತ್ತಾರೆ.

ಮಗನ ಅಂಗವೈಕಲ್ಯದ ಪ್ರಮಾಣಪತ್ರ ಕೊಡುವುದು ಆರೋಗ್ಯ ಇಲಾಖೆ. ಮಾಸಾಶನ ಕಂದಾಯ ಇಲಾಖೆಯದು. ಗಾಲಿಕುರ್ಚಿ ಬೇಕೆಂದರೆ ಅಂಗವಿಕಲರ ಇಲಾಖೆ. ಹಣ ಬರುವುದು ಬ್ಯಾಂಕಿಗೆ. ಬ್ಯಾಂಕಿಗೆ ಆಧಾರ್ ಬೇಕು, ಆಧಾರಿಗೆ ಬೆರಳಚ್ಚು ಬೇಕು, ಮಗನ ಬೆರಳುಗಳು ಬಿಚ್ಚುವುದಿಲ್ಲ. ಬೆರಳಚ್ಚು ಸಿಗದವರಿಗೆ ಬೇರೆ ದಾರಿ ಇದೆ ಎಂಬುದು ಆಕೆಗೆ ಗೊತ್ತಿಲ್ಲ, ಕೌಂಟರಿನಲ್ಲಿದ್ದ ಹುಡುಗ ಹೇಳಲಿಲ್ಲ. ಒಂದೊಂದು ಬಾಗಿಲೂ ಇನ್ನೊಂದು ಬಾಗಿಲಿನ ಕಾಗದ ಕೇಳುತ್ತದೆ. ಒಂದು ದಿನ ಅಲೆದರೆ ಆಟೋ ಬಾಡಿಗೆ ಹೋಯಿತು, ಆ ದಿನದ ಹೊಲಿಗೆಯೂ ಹೋಯಿತು. ಮನೆಯಲ್ಲಿ ಮಲಗಿರುವ ಇಬ್ಬರಿಗೆ ನೀರು ಕುಡಿಸುವವರು ಯಾರು?

ಒಂದು ರಾತ್ರಿ ಯಜಮಾನರು ಬೆವತು ಪ್ರಜ್ಞೆ ತಪ್ಪಿದರು. ಸಕ್ಕರೆ ಇಳಿದುಹೋಗಿತ್ತು. ಲಕ್ವಕ್ಕೆ ನೋಡುವ ಆಸ್ಪತ್ರೆಯಲ್ಲಿ ಸಕ್ಕರೆಗೊಂದು ಮಾತ್ರೆ ಬರೆದಿದ್ದರು. ಓಣಿಯ ಹತ್ತಿರದ ಕ್ಲಿನಿಕ್ಕಿನಲ್ಲೂ ಅದೇ ಮಾತ್ರೆಯನ್ನು ಬೇರೆ ಕಂಪನಿಯ ಹೆಸರಿನಲ್ಲಿ ಬರೆದಿದ್ದರು. ಆಪಾ ಎರಡನ್ನೂ ತಪ್ಪದೆ ನುಂಗಿಸಿದ್ದರು. ಇದನ್ನು ಕಂಡುಹಿಡಿದದ್ದು ವೈದ್ಯರಲ್ಲ, ಮೆಡಿಕಲ್ ಅಂಗಡಿಯ ಹುಡುಗ. ಎರಡು ಚೀಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೊದಲ ಮನುಷ್ಯ ಅವನು.

ತಪ್ಪು ಯಾರದು? ನಾವು ಈ ಪ್ರಶ್ನೆಯನ್ನು ಹಿಡಿದು ಹೋದಾಗ ನಮಗೆ ಒಬ್ಬ ದುಷ್ಟನೂ ಸಿಗಲಿಲ್ಲ. ಇಬ್ಬರು ವೈದ್ಯರೂ ತಮ್ಮ ಮುಂದಿದ್ದ ರೋಗಕ್ಕೆ ಸರಿಯಾದ ಮದ್ದನ್ನೇ ಬರೆದಿದ್ದರು. ಗುಮಾಸ್ತರು ಲಂಚ ಕೇಳಿರಲಿಲ್ಲ, ನಿಯಮ ಹೇಳಿದ್ದರು. ಎಲ್ಲರೂ ತಂತಮ್ಮ ಕೆಲಸ ಮಾಡಿದ್ದಾರೆ. ಆದರೂ ಒಬ್ಬ ಮನುಷ್ಯ ಸಾಯುವುದರಲ್ಲಿದ್ದ. ಎಲ್ಲರ ಕರ್ತವ್ಯವನ್ನು ಕೂಡಿಸಿದರೂ ಒಂದು ಮನುಷ್ಯನಷ್ಟು ಹೊಣೆ ಆಗುವುದಿಲ್ಲ ಎಂದಾದರೆ, ಉಳಿದ ಆ ಪಾಲು ಯಾರ ತಲೆಯ ಮೇಲಿದೆ?

ಮದರಸಾದಲ್ಲಿ ನಮಗೆ ಎರಡು ಬಗೆಯ ಫರ್ಝ್ ಕಲಿಸಿದ್ದರು. ಪ್ರತಿಯೊಬ್ಬನೂ ತಾನೇ ಮಾಡಬೇಕಾದದ್ದು ಫರ್ಝೆ ಐನ್, ಐದು ಹೊತ್ತಿನ ನಮಾಝಿನಂತೆ. ಇನ್ನೊಂದು ಫರ್ಝೆ ಕಿಫಾಯ: ಕೆಲವರು ಮಾಡಿದರೆ ಎಲ್ಲರ ಹೊಣೆಯೂ ತೀರುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ಇದಕ್ಕೆ ಉಸ್ತಾದರು ಕೊಡುತ್ತಿದ್ದ ಉದಾಹರಣೆ ಜನಾಝಾ ನಮಾಝ್. ಅಲ್ಲಿಗೇ ನಮ್ಮ ಪಾಠ ನಿಂತುಹೋಯಿತು. ಆದರೆ ಇಮಾಮ್ ಗಝಾಲಿ (1058-1111) ತಮ್ಮ ‘ಇಹ್ಯಾ’ದಲ್ಲಿ ವೈದ್ಯವನ್ನೂ ಲೆಕ್ಕವನ್ನೂ ಫರ್ಝೆ ಕಿಫಾಯದಲ್ಲಿ ಸೇರಿಸಿದ್ದಾರೆ. ಊರಿಗೆ ಬೇಕಾದದ್ದು, ಆದರೆ ಇಂಥವನದೇ ಎಂದು ಹೆಸರು ಬರೆಯಲಾಗದ್ದು ಈ ಫರ್ಝ್. ಚೀಟಿಗಳನ್ನು ಅಕ್ಕಪಕ್ಕ ಇಡುವ ಕೆಲಸ, ಒಂದು ಬಾಗಿಲಿನ ಕಾಗದವನ್ನು ಇನ್ನೊಂದು ಬಾಗಿಲಿಗೆ ಮುಟ್ಟಿಸುವ ಕೆಲಸ ಅದರೊಳಗೆ ಬರುವುದಿಲ್ಲವೇ?

‘ಇದು ಸರಕಾರದ ಕೆಲಸ, ಜಮಾಅತಿನದಲ್ಲ’ ಎನ್ನುವವರಿದ್ದಾರೆ. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ದಾನ ಹೆಚ್ಚಿದಷ್ಟೂ ಹಕ್ಕು ಮರೆಯುವ ಅಪಾಯವಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ ಸೆರೆಬ್ರಲ್ ಪಾಲ್ಸಿ ಇರುವ ವಯಸ್ಕ ಮಕ್ಕಳಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಹೆಚ್ಚಿನ ನೆರವು ಬೇಕಾದವರು ಅದಕ್ಕಾಗಿ ಅರ್ಜಿ ಹಾಕಬಹುದು, ಮಂಡಳಿಯೊಂದು ಅವರ ಅಗತ್ಯವನ್ನು ಅಳೆಯಬೇಕು ಎಂದಿತು. ಇದು ಭಿಕ್ಷೆಯಲ್ಲ, ಹಕ್ಕು. ಆದರೆ ಹಕ್ಕಿನ ಬಾಗಿಲು ತಟ್ಟಲೂ ಒಂದು ಕೈ ಬೇಕು. ಆಪಾರ ಎರಡು ಕೈಗಳೂ ಬಿಡುವಿಲ್ಲ.

ದಾನವೋ ವ್ಯವಸ್ಥೆಯೋ ಎಂಬ ಜಗಳಕ್ಕೆ ಹಳೆಯದೊಂದು ಪ್ರಸಂಗ ಉತ್ತರ ಕೊಡುತ್ತದೆ. ಅಬೂ ಯೂಸುಫರ ‘ಕಿತಾಬುಲ್ ಖರಾಜ್’ನಲ್ಲಿ ಅದು ಬರುತ್ತದೆ. ಖಲೀಫ ಉಮರ್ ಬಾಗಿಲಲ್ಲಿ ಬೇಡುತ್ತಿದ್ದ ಒಬ್ಬ ಕುರುಡ ಮುದುಕನನ್ನು ಕಂಡರು. ಆತ ಯಹೂದಿ. ಉಮರ್ ಆತನ ಕೈಹಿಡಿದು ತಮ್ಮ ಮನೆಗೆ ಕರೆದೊಯ್ದು ಇದ್ದದ್ದನ್ನು ಕೊಟ್ಟರು. ಅಷ್ಟಕ್ಕೇ ಬಿಡಲಿಲ್ಲ, ಬೈತುಲ್ ಮಾಲಿನ ಅಧಿಕಾರಿಯನ್ನು ಕರೆಸಿ, ಈತನನ್ನೂ ಈತನಂಥವರನ್ನೂ ನೋಡಿಕೊಳ್ಳುವಂತೆ ಹೇಳಿ ಜಿಝ್ಯಾ ತೆರಿಗೆಯನ್ನು ತೆಗೆಸಿದರು. ಮೊದಲು ಕೈ ಹಿಡಿದದ್ದು, ಆಮೇಲೆ ಖಜಾನೆಯ ಬಾಗಿಲು ತೆರೆಸಿದ್ದು. ಎರಡೂ ಒಬ್ಬರೇ ಮಾಡಿದರು ಎಂಬುದೇ ಅದರ ಪಾಠ. ಧರ್ಮ ಯಾವುದೆಂಬುದು ಅಡ್ಡ ಬರಲಿಲ್ಲ ಎಂಬುದೂ ಪಾಠವೇ.

ಇದು ಹಳೆಯ ಕಾಲದ ಮಾತೆನ್ನುವವರು ಪಕ್ಕದ ಕೇರಳವನ್ನು ನೋಡಬಹುದು. 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ವಾಸಿಯಾಗದ ರೋಗಿಗಳ ನೋವು ಶಮನಕ್ಕೆ ಸಂಸ್ಥೆ ಕಟ್ಟಿದರು. ನೋವಿಗೆ ಮದ್ದು ಸಿಕ್ಕರೂ ಮನೆಯಲ್ಲಿ ಅಕ್ಕಿ ಇಲ್ಲದಿದ್ದರೆ ರೋಗಿಗೆ ನೆಮ್ಮದಿ ಎಲ್ಲಿಯದು? 2000ದ ಸುಮಾರಿಗೆ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯ ಸಾಮಾನ್ಯ ಜನರೇ ತರಬೇತಿ ಪಡೆದು ವಾರದಲ್ಲಿ ಕೆಲವು ಗಂಟೆ ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. ಹಣ ಬಂದದ್ದು ಬಹುಪಾಲು ಸಣ್ಣ ಸಣ್ಣ ದೇಣಿಗೆಗಳಿಂದ. 2008ರಲ್ಲಿ ಕೇರಳ ಸರಕಾರ ಇದನ್ನು ತನ್ನ ನೀತಿಯಾಗಿಸಿತು. ಪಂಚಾಯತುಗಳ ಮೂಲಕ ದಾದಿಯರು ಮನೆಗೆ ಹೋಗುವಂತಾಯಿತು. ಜನ ಮೊದಲು ಹೆಜ್ಜೆಯಿಟ್ಟರು, ಸರಕಾರ ಹಿಂದೆ ಬಂತು.

ನಮ್ಮಲ್ಲಿ ಜನರಿಲ್ಲವೇ? ಆಶಾ ಕಾರ್ಯಕರ್ತೆಯರಿದ್ದಾರೆ, ಗ್ರಾಮ ಪಂಚಾಯತುಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅಲ್ಪ ಗೌರವಧನಕ್ಕೆ ಅವರ ತಲೆಯ ಮೇಲೆ ಹತ್ತು ಹೊರೆ. ನಮ್ಮ ಸಮುದಾಯದಲ್ಲೂ ಸಮಿತಿಗಳಿಗೆ ಬರವಿಲ್ಲ. ಕಳೆದ ರಮಝಾನಿನಲ್ಲಿ ಆಪಾರ ಮನೆಗೆ ಐದು ಸಂಘಗಳವರು ಐದು ಕಿಟ್ ತಂದುಕೊಟ್ಟರು, ಐದು ಸಲ ಫೋಟೋ ತೆಗೆದರು. ಶವ್ವಾಲ್ ತಿಂಗಳಲ್ಲಿ ಒಬ್ಬರೂ ಬರಲಿಲ್ಲ. ಇಲಾಖೆಗಳು ಒಂದಕ್ಕೊಂದು ಮಾತಾಡುವುದಿಲ್ಲವೆಂದು ದೂರುವ ನಾವು ನಾವೇ ಮಾತಾಡಿಕೊಂಡಿಲ್ಲ.

ಇಲ್ಲಿ ಒಂದು ಎಚ್ಚರವೂ ಬೇಕು. ಮನೆಯ ಎಲ್ಲ ಕಾಗದ ಬಲ್ಲವನಿಗೆ ಮನೆಯ ಎಲ್ಲ ಗುಟ್ಟೂ ಗೊತ್ತಾಗುತ್ತದೆ. ಅದು ಅಮಾನತ್, ಚಹಾದಂಗಡಿಯ ಸುದ್ದಿಯಲ್ಲ. ಅವರಿಗೆ ಏನು ಬೇಕೆಂದು ಅವರನ್ನೇ ಕೇಳದೆ ನಾವೇ ತೀರ್ಮಾನಿಸಿದರೆ ಇನ್ನೊಂದು ಇಲಾಖೆಯಾಗುತ್ತೇವೆ, ಅಷ್ಟೇ.

ಮೊನ್ನೆ ನಾವು ಆಪಾರನ್ನು ಕೇಳಿದೆವು, ‘ನಿಮಗೆ ಏನು ಬೇಕು, ಆಪಾ?’ ಹಣ ಎನ್ನುತ್ತಾರೆಂದು ಕೊಂಡಿದ್ದೆವು. ಆಕೆ ಪ್ಲಾಸ್ಟಿಕ್ ಚೀಲವನ್ನು ಮುಂದಿಟ್ಟರು. ಎಷ್ಟೋ ವರ್ಷಗಳ ಚೀಟಿ, ಅರ್ಜಿ, ರಸೀದಿ ಎಲ್ಲ ಅದರಲ್ಲಿದ್ದವು. ‘ಭಾಯಿ, ಇದನ್ನು ಒಬ್ಬರಾದರೂ ಪೂರ್ತಿ ಓದಬೇಕು’ ಎಂದರು.

ಓದುತ್ತಿದ್ದೇವೆ. ಎರಡು ಸಂಜೆಗಳಾದವು, ಇನ್ನೂ ಮುಗಿದಿಲ್ಲ. ನಿಮ್ಮ ಓಣಿಯಲ್ಲೂ ಇಂಥ ಚೀಲವೊಂದು ಇದ್ದೇ ಇರುತ್ತದೆ. ಜನಾಝಾಕ್ಕೆ ಹೆಗಲು ಕೊಡುವ ಮೊದಲು ಅದನ್ನೊಮ್ಮೆ ಬಿಚ್ಚಿ ನೋಡೋಣ.