ನಗರದ ದೇವರು, ವ್ಯಕ್ತಿಯ ವಿವೇಕ

ಪ್ರಾಚೀನ ಗ್ರೀಸಿನ ನಗರರಾಜ್ಯಗಳಲ್ಲಿ ದೇವರ ಆರಾಧನೆ ಪೌರನ ಕರ್ತವ್ಯಗಳಲ್ಲಿ ಒಂದಾಗಿತ್ತು. ಅಥೆನ್ಸ್, ಸ್ಪಾರ್ಟಾ, ಕೊರಿಂತ್, ಥೀಬ್ಸ್, ಆರ್ಗೋಸ್, ಮಿಲೀಟಸ್ ಮೊದಲಾದ ಈ ರಾಜ್ಯಗಳಿಗೆ ‘ಪೋಲಿಸ್’ ಎಂದು ಹೆಸರು. ಒಂದೊಂದು ಪೋಲಿಸ್‌ಗೂ ತನ್ನದೇ ಕಾನೂನು, ತನ್ನದೇ ಸೇನೆ, ತನ್ನದೇ ಹಬ್ಬಗಳ ಪಂಚಾಂಗ ಇರುತ್ತಿತ್ತು. ಒಲಿಂಪಸ್ಸಿನ ದೇವತೆಗಳು ಎಲ್ಲ ಗ್ರೀಕರಿಗೂ ಸೇರಿದವರಾದರೂ ಅಥೆನ್ಸನ್ನು ಅಥೀನಾ ಕಾಯುತ್ತಾಳೆ, ಆರ್ಗೋಸನ್ನು ಹೇರಾ ಕಾಯುತ್ತಾಳೆ ಎಂದು ಆಯಾ ಊರಿನವರು ನಂಬಿದ್ದರು. ಈ ವ್ಯವಸ್ಥೆಯೊಳಗಿನಿಂದಲೇ ಕ್ರಿ.ಪೂ. 5ನೆಯ ಶತಮಾನದಲ್ಲಿ ಒಂದು ಕಠಿಣ ಪ್ರಶ್ನೆ ಎದ್ದಿತು: ಯಾವುದು ಪವಿತ್ರ ಎಂದು ನಿರ್ಣಯಿಸುವ ಅಧಿಕಾರ ನಗರಕ್ಕಿದೆಯೇ, ಅಥವಾ ನಗರವೂ ದೇವರೂ ತಲೆಬಾಗಬೇಕಾದ ನ್ಯಾಯವೊಂದು ಬೇರೆ ಇದೆಯೇ?

ಗ್ರೀಕರಿಗೆ ಎಲ್ಲರೂ ಒಪ್ಪಲೇಬೇಕಾದ ಧರ್ಮಗ್ರಂಥ ಇರಲಿಲ್ಲ, ಮತದ ಸೂತ್ರಗಳೂ ಇರಲಿಲ್ಲ. ದೇವತೆಗಳ ರೂಪ, ವಂಶ, ಗುಣಗಳು ಹೋಮರ್ ಮತ್ತು ಹೆಸಿಯಡ್ ಕವಿಗಳ ಕಾವ್ಯಗಳಿಂದ ಜನಮನದಲ್ಲಿ ನೆಲೆಗೊಂಡಿದ್ದವು. ಪೂಜಾರಿಗಳಲ್ಲಿ ಹೆಚ್ಚಿನವರು ಆ ಕೆಲಸಕ್ಕಾಗಿ ನೇಮಕಗೊಂಡ ಸಾಮಾನ್ಯ ಪೌರರು. ಎಲ್ಯೂಸಿಸ್‌ನ ರಹಸ್ಯಾಚರಣೆಯಂಥ ಕೆಲವು ಕಡೆ ಮಾತ್ರ ಆ ಹಕ್ಕು ವಂಶಪಾರಂಪರ್ಯವಾಗಿ ಬರುತ್ತಿತ್ತು. ಯಾವ ದೇವತೆಗೆ ಯಾವ ದಿನ ಎಷ್ಟು ಪಶುಗಳ ಬಲಿ ಸಲ್ಲಬೇಕು, ಖರ್ಚು ಎಲ್ಲಿಂದ ಬರಬೇಕು ಎಂಬುದನ್ನು ಅಥೆನ್ಸಿನ ಜನಸಭೆಯೇ ತೀರ್ಮಾನಿಸುತ್ತಿತ್ತು. ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಮಹಾ ಪನಥೀನಿಯಾ ಉತ್ಸವದಲ್ಲಿ ಅಥೀನಾಳಿಗೆ ಹೊಸದಾಗಿ ನೇಯ್ದ ಉಡುಗೆಯನ್ನು ಮೆರವಣಿಗೆಯಲ್ಲಿ ಒಯ್ದು ಅರ್ಪಿಸುತ್ತಿದ್ದರು. ಬಲಿಯ ಮಾಂಸ ಜನರಿಗೆ ಹಂಚಿಕೆಯಾಗುತ್ತಿತ್ತು. ದುರಂತ ನಾಟಕಗಳ ಸ್ಪರ್ಧೆಯೂ ಡಯೊನೈಸಸ್ ದೇವತೆಯ ಹಬ್ಬದ ಅಂಗವಾಗಿತ್ತು.

ರಾಜಕೀಯದಲ್ಲಿ ಬಾಯಿಲ್ಲದವರಿಗೂ ಈ ಆರಾಧನೆಯಲ್ಲಿ ಸ್ಥಾನವಿತ್ತು. ಅಥೆನ್ಸಿನ ಸ್ತ್ರೀಯರು ಜನಸಭೆಯಲ್ಲಿ ಮಾತನಾಡುವಂತಿರಲಿಲ್ಲ, ಮತ ಹಾಕುವಂತಿರಲಿಲ್ಲ. ಆದರೆ ನಗರದೇವತೆ ಅಥೀನಾಳ ಪ್ರಧಾನ ಅರ್ಚಕಿ ಸ್ತ್ರೀಯೇ ಆಗಿದ್ದಳು, ಬೀಜ ಬಿತ್ತುವ ಕಾಲದ ಥೆಸ್ಮೊಫೋರಿಯಾ ಹಬ್ಬವನ್ನು ಸ್ತ್ರೀಯರೇ ನಡೆಸುತ್ತಿದ್ದರು. ಗ್ರೀಕ್ ಮಾತನಾಡುವ ಗುಲಾಮರಿಗೂ ಎಲ್ಯೂಸಿಸ್‌ನಲ್ಲಿ ದೀಕ್ಷೆ ದೊರೆಯುತ್ತಿತ್ತು. ಹೊಸ ದೇವತೆಗಳಿಗೂ ಬಾಗಿಲು ಮುಚ್ಚಿರಲಿಲ್ಲ. ವೈದ್ಯದೇವತೆ ಅಸ್ಕ್ಲೀಪಿಯಸ್ ಅಥೆನ್ಸಿಗೆ ಬಂದದ್ದು ಕ್ರಿ.ಪೂ. 420ರಲ್ಲಿ. ಥ್ರೇಸ್ ನಾಡಿನ ಬೆಂಡಿಸ್ ದೇವಿಗೂ ಅದೇ ಶತಮಾನದಲ್ಲಿ ಅಲ್ಲಿ ಸಾರ್ವಜನಿಕ ಉತ್ಸವ ಏರ್ಪಟ್ಟಿತು. ಹೀಗೆ ಬಂದ ದೇವತೆಗಳ ಸಾರ್ವಜನಿಕ ಪೂಜೆಗೆ ನಗರದ ಒಪ್ಪಿಗೆ ಬೇಕಾಗಿತ್ತು.

ದೇವರ ಕೋಪ ತಪ್ಪು ಮಾಡಿದವನೊಬ್ಬನ ಮೇಲಷ್ಟೇ ಎರಗುವುದಿಲ್ಲ, ಇಡೀ ಊರಿನ ಮೇಲೆ ಎರಗುತ್ತದೆ ಎಂಬುದು ಅಂದಿನ ನಂಬಿಕೆ. ಆದ್ದರಿಂದ ದೈವದ್ರೋಹ ನ್ಯಾಯಾಲಯದಲ್ಲಿ ವಿಚಾರಣೆಯಾಗುವ ಅಪರಾಧವಾಗಿತ್ತು. ಕ್ರಿ.ಪೂ. 415ರಲ್ಲಿ ಸಿಸಿಲಿಯ ಮೇಲೆ ಅಥೆನ್ಸಿನ ದಂಡಯಾತ್ರೆ ಹೊರಡುವ ಮುನ್ನ ಒಂದು ರಾತ್ರಿ ಅಥೆನ್ಸಿನ ಬೀದಿಗಳಲ್ಲಿದ್ದ ಹರ್ಮೀಸ್ ದೇವತೆಯ ಶಿಲೆಗಳನ್ನು ಯಾರೋ ವಿರೂಪಗೊಳಿಸಿದರು. ನಗರ ತಲ್ಲಣಿಸಿತು. ಹಲವರಿಗೆ ಮರಣದಂಡನೆಯಾಯಿತು, ಹಲವರು ದೇಶ ಬಿಟ್ಟು ಓಡಿದರು. ಎರಡು ವರ್ಷದ ನಂತರ ಅದೇ ದಂಡಯಾತ್ರೆಯ ಸೇನಾಪತಿ ನಿಸಿಯಾಸ್, ಚಂದ್ರಗ್ರಹಣವನ್ನು ಅಪಶಕುನವೆಂದ ಜ್ಯೋತಿಷಿಗಳ ಮಾತಿನಂತೆ 27 ದಿನ ಕದಲುವುದಿಲ್ಲವೆಂದು ಪಟ್ಟು ಹಿಡಿದನು. ಹಿಮ್ಮೆಟ್ಟುವ ಅವಕಾಶ ಕೈತಪ್ಪಿ ಸೇನೆ ನಾಶವಾಯಿತು.

ಈ ನಂಬಿಕೆಗಳ ಬುಡವನ್ನು ಪರೀಕ್ಷಿಸಿದವರು ದಾರ್ಶನಿಕರು. ಕೊಲೊಫಾನಿನ ಜೆನೊಫೇನೀಸ್ ಕ್ರಿ.ಪೂ. 6ನೆಯ ಶತಮಾನದಲ್ಲಿಯೇ ಮನುಷ್ಯರು ದೇವರನ್ನು ತಮ್ಮ ರೂಪದಲ್ಲಿ ಕಲ್ಪಿಸಿಕೊಳ್ಳುತ್ತಾರೆ ಎಂದು ತೋರಿಸಿದ್ದನು. ಇಥಿಯೋಪಿಯರ ದೇವರು ಕಪ್ಪು, ಥ್ರೇಸಿಯನ್ನರ ದೇವರಿಗೆ ನೀಲಿ ಕಣ್ಣು ಎಂಬುದು ಅವನು ಕೊಟ್ಟ ನಿದರ್ಶನ. ಸೂರ್ಯನು ಕಾದು ಕೆಂಪಾದ ಕಲ್ಲು ಎಂದ ಅನಕ್ಸಾಗೊರಸ್ ಅಥೆನ್ಸನ್ನು ಬಿಡಬೇಕಾಯಿತು. ದೇವರಿದ್ದಾನೆಯೇ ಇಲ್ಲವೇ ಎಂಬುದು ಮನುಷ್ಯನ ಅರಿವಿಗೆ ನಿಲುಕದ ವಿಷಯ ಎಂದನು ಪ್ರೊಟಾಗೊರಸ್.

ನಗರದ ಆಜ್ಞೆ ದೊಡ್ಡದೋ ಅದಕ್ಕೂ ಮೇಲಿನ ಕಟ್ಟಳೆ ದೊಡ್ಡದೋ ಎಂಬ ಪ್ರಶ್ನೆಯನ್ನು ನಾಟಕಕಾರ ಸೊಫೊಕ್ಲಿಸ್ ರಂಗದ ಮೇಲೆ ತಂದನು. ಪಿ. ಲಂಕೇಶರ ಅನುವಾದದಿಂದ ಕನ್ನಡಕ್ಕೂ ಬಂದಿರುವ ‘ಅಂತಿಗೊನೆ’ ನಾಟಕದಲ್ಲಿ ರಾಜ ಕ್ರಿಯೋನ್ ನಗರದ ವೈರಿಯ ಶವಸಂಸ್ಕಾರವನ್ನು ನಿಷೇಧಿಸುತ್ತಾನೆ. ಸತ್ತವನ ತಂಗಿ ಅಂತಿಗೊನೆ ದೇವರ ಅಲಿಖಿತ ಕಟ್ಟಳೆಯೇ ದೊಡ್ಡದೆಂದು ಆಜ್ಞೆಯನ್ನು ಮುರಿಯುತ್ತಾಳೆ. ನಗರದ ಕಾನೂನೂ ದೇವರ ಕಾನೂನೂ ಒಂದೇ ಎಂಬ ಭರವಸೆ ಇಲ್ಲಿ ಬಿರುಕು ಬಿಡುತ್ತದೆ.

ಸಾಕ್ರಟೀಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಪ್ಲೇಟೋ ಬರೆದ ‘ಯೂಥಿಫ್ರೋ’ ಸಂವಾದದಲ್ಲಿ ಯೂಥಿಫ್ರೋ ತನ್ನ ತಂದೆಯ ಮೇಲೆಯೇ ಕೊಲೆಯ ಆಪಾದನೆ ಹೊರಿಸಲು ಬಂದಿದ್ದಾನೆ. ಒಬ್ಬ ಕೂಲಿಯಾಳು ಗುಲಾಮನೊಬ್ಬನನ್ನು ಕೊಂದಿದ್ದನು. ತಂದೆ ಆ ಕೂಲಿಯವನನ್ನು ಕಟ್ಟಿ ಹಳ್ಳಕ್ಕೆ ನೂಕಿ, ಮುಂದೇನು ಮಾಡಬೇಕೆಂದು ಧರ್ಮಾಧಿಕಾರಿಯನ್ನು ಕೇಳಲು ಅಥೆನ್ಸಿಗೆ ಆಳನ್ನು ಕಳಿಸಿದ್ದನು. ಉತ್ತರ ಬರುವಷ್ಟರಲ್ಲಿ ಹಸಿವು, ಚಳಿಗಳಿಂದ ಕೂಲಿಯವನು ಸತ್ತಿದ್ದನು. ತಂದೆಯ ಮೇಲೆ ದಾವೆ ಹೂಡುವುದೇ ಪವಿತ್ರ ಎಂದು ಯೂಥಿಫ್ರೋ ಸಾಧಿಸುತ್ತಾನೆ. ಆಗ ಸಾಕ್ರಟೀಸ್ ಕೇಳುತ್ತಾನೆ: ದೇವರು ಮೆಚ್ಚುವುದರಿಂದ ಒಂದು ಕೆಲಸ ಪವಿತ್ರವಾಗುತ್ತದೆಯೇ, ಪವಿತ್ರವಾಗಿರುವುದರಿಂದ ದೇವರು ಅದನ್ನು ಮೆಚ್ಚುತ್ತಾನೆಯೇ? ಮೊದಲನೆಯದನ್ನು ಒಪ್ಪಿದರೆ ಒಳಿತೆಂಬುದು ದೇವರ ಇಚ್ಛೆಗೆ ಕಟ್ಟುಬೀಳುತ್ತದೆ, ಆ ಇಚ್ಛೆಗೆ ಕಾರಣ ಹೇಳಲಾಗುವುದಿಲ್ಲ. ಎರಡನೆಯದನ್ನು ಒಪ್ಪಿದರೆ ಒಳಿತು ದೇವರಿಗಿಂತ ಮೊದಲೇ ಇದೆ, ವಿಚಾರದಿಂದ ಅದನ್ನು ಅರಿಯಬಹುದು ಎಂದಾಗುತ್ತದೆ.

ಕ್ರಿ.ಪೂ. 399ರಲ್ಲಿ ಸಾಕ್ರಟೀಸನೇ ಕಟಕಟೆಯಲ್ಲಿ ನಿಂತನು. ನಗರ ಮನ್ನಿಸುವ ದೇವತೆಗಳನ್ನು ಮನ್ನಿಸುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಯುವಕರನ್ನು ಕೆಡಿಸುತ್ತಾನೆ ಎಂಬ ಆಪಾದನೆಯನ್ನು ಮೆಲೀಟಸ್, ಅನೀಟಸ್, ಲೈಕಾನ್ ಹೊರಿಸಿದ್ದರು. ತಪ್ಪು ದಾರಿ ಹಿಡಿದಾಗ ತನ್ನನ್ನು ತಡೆಯುವ ದೈವಿಕ ವಾಣಿಯೊಂದಿದೆ ಎಂದು ಸಾಕ್ರಟೀಸ್ ಹೇಳಿಕೊಳ್ಳುತ್ತಿದ್ದನು. ಅದು ನಗರದ ಒಪ್ಪಿಗೆ ಪಡೆಯದ ದೈವ. ಈ ವಿಚಾರಣೆಗೆ ರಾಜಕೀಯ ಹಿನ್ನೆಲೆಯೂ ಇತ್ತು. ಐದು ವರ್ಷದ ಹಿಂದಷ್ಟೇ ಅಥೆನ್ಸ್ ಸ್ಪಾರ್ಟಾಕ್ಕೆ ಸೋತು ಮೂವತ್ತು ನಿರಂಕುಶರ ಆಳ್ವಿಕೆಗೆ ಸಿಕ್ಕಿತ್ತು. ಅವರ ಮುಂದಾಳು ಕ್ರಿಟಿಯಾಸ್ ಸಾಕ್ರಟೀಸನ ಒಡನಾಡಿಯಾಗಿದ್ದವನು. ಸುಮಾರು 500 ನ್ಯಾಯದರ್ಶಿಗಳ ಸಭೆಯಲ್ಲಿ 30 ಮತಗಳು ಆಚೆಗೆ ಸರಿದಿದ್ದರೆ ಬಿಡುಗಡೆಯಾಗುತ್ತಿತ್ತು ಎಂದು ಪ್ಲೇಟೋ ದಾಖಲಿಸಿದ್ದಾನೆ. ಡೀಲಾಸ್ ದ್ವೀಪಕ್ಕೆ ಹೋದ ಪವಿತ್ರ ನೌಕೆ ಮರಳುವವರೆಗೆ ನಗರದಲ್ಲಿ ಮರಣದಂಡನೆ ನಡೆಸುವಂತಿರಲಿಲ್ಲ. ಆ ನೌಕೆ ಬಂದ ಮೇಲೆ, ಮರಣದಂಡನೆಗೆ ಗುರಿಯಾಗಿದ್ದ ಸಾಕ್ರಟೀಸ್ ವಿಷ ಕುಡಿದನು.

ಗುರುವನ್ನು ಕಳೆದುಕೊಂಡ ಪ್ಲೇಟೋ ಕೂಡ ಮುಪ್ಪಿನಲ್ಲಿ ಬರೆದ ‘ಲಾಸ್’ ಕೃತಿಯಲ್ಲಿ ನಾಸ್ತಿಕರಿಗೆ ಕನಿಷ್ಠ ಐದು ವರ್ಷ ಸೆರೆ, ತಿದ್ದಿಕೊಳ್ಳದಿದ್ದರೆ ಮರಣದಂಡನೆ ಎಂದು ವಿಧಿಸಿದನು. ನಗರದ ಹಿತವನ್ನು ದೇವರೊಂದಿಗೆ ಬೆಸೆದ ಕಟ್ಟು ಎಷ್ಟು ಬಿಗಿಯಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕ್ರಿ.ಪೂ. 323ರಲ್ಲಿ ಅಲೆಗ್ಸಾಂಡರನ ಮರಣದ ಬಳಿಕ ಅರಿಸ್ಟಾಟಲನೂ ದೈವದ್ರೋಹದ ಆಪಾದನೆಗೆ ಒಳಗಾಗಿ ಅಥೆನ್ಸನ್ನು ತೊರೆದನು.

ನಗರದ ಧರ್ಮ ಗ್ರೀಕರಿಗೆ ಬಹಳಷ್ಟನ್ನು ಕೊಟ್ಟಿತು. ನಾಟಕ, ಶಿಲ್ಪ, ಕ್ರೀಡೆಗಳು ಅದರ ಆಶ್ರಯದಲ್ಲಿ ಬೆಳೆದವು. ಜನರನ್ನು ಒಂದು ಸಮುದಾಯವಾಗಿ ಹಿಡಿದಿಟ್ಟದ್ದೂ ಅದೇ. ಹಬ್ಬದ ದಿನವನ್ನು, ಬಲಿಯ ಖರ್ಚನ್ನು ಮತ ಎಣಿಸಿ ಗೊತ್ತುಮಾಡುವ ಹಕ್ಕು ನಗರಕ್ಕೆ ಖಂಡಿತ ಇತ್ತು. ಯಾವುದು ನ್ಯಾಯ, ಯಾವುದು ಪವಿತ್ರ ಎಂಬುದನ್ನು ಹಾಗೆ ಗೊತ್ತುಮಾಡಲು ಬರುವುದಿಲ್ಲ. ಅಥೆನ್ಸಿನ ನ್ಯಾಯದರ್ಶಿಗಳು ಈ ಎರಡನ್ನೂ ಒಂದೆಂದು ಬಗೆದರು. ಅವರು ಸಾಕ್ರಟೀಸನನ್ನು ಕೊಂದರು, ಆದರೆ ಅವನ ಪ್ರಶ್ನೆಗೆ ಉತ್ತರ ಕೊಡಲಿಲ್ಲ.