ಗೋಡೆ ನೋಡುವ ಮೊದಲು ಮನೆ ಖಾಲಿ ಮಾಡಿ

ಪ್ರಿಯ ದೇವಜನರೇ, ನಿಮ್ಮ ಸತ್ಯವೇದದಲ್ಲಿ ಯಾಜಕಕಾಂಡ 14ನೇ ಅಧ್ಯಾಯ ತೆಗೆಯಿರಿ. 33ನೇ ವಚನದಿಂದ 53ರವರೆಗೆ. ನಾವು ಸಾಮಾನ್ಯವಾಗಿ ಬೇಗ ಬೇಗ ದಾಟಿ ಹೋಗೋ ಭಾಗ ಇದು. ಆದರೆ ಕೊಪ್ಪ, ಶೃಂಗೇರಿ, ಎನ್.ಆರ್. ಪುರದವರು ಇದನ್ನು ದಾಟಿ ಹೋಗಬಾರದು. ಯಾಕಂದ್ರೆ ಇಲ್ಲಿರೋದು ಮನೆ ಗೋಡೆಯ ವಿಷಯ. ಗೋಡೆಯಲ್ಲಿ ಹಸಿರು, ಕೆಂಪು ಗುರುತು ಕಾಣುತ್ತೆ, ಅದು ಮೇಲ್ಮೈಗಿಂತ ಒಳಗೆ ಇಳಿದಿರುತ್ತೆ ಅಂತ ವಾಕ್ಯ ಹೇಳುತ್ತೆ. ಇದನ್ನು ನಾವು ಏನಂತೀವಿ? ಬೂಷ್ಟು. ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ, ಆಗುಂಬೆಯಲ್ಲಿ 7,000ಕ್ಕೂ ಮೇಲೆ. ಬೂಷ್ಟು ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಮನೆ ಕೆಲಸದ ಕಾಲ. ಅಡಿಕೆ ಕೊಯ್ಲು ಮುಗಿದಿದೆ, ಮಳೆ ಹಿಡಿಯೋದರೊಳಗೆ ಕೋಣೆ ಸರಿಮಾಡಿಸಬೇಕು. ಮೇಸ್ತ್ರಿ ಸಿಗೋದೂ ಈಗಲೇ, ಮಕ್ಕಳ ಪರೀಕ್ಷೆ ಬರೋದೂ ಈಗಲೇ. ನಮ್ಮ ಮನೆಯಲ್ಲೂ ಅದೇ ನಡೀತಾ ಇದೆ. ಅಮ್ಮ ಮಲಗುವ ಹಿಂದಿನ ಕೋಣೆ. ಜಂಬಿಟ್ಟಿಗೆ ಗೋಡೆ, ಮೇಲೆ ಮಂಗಳೂರು ಹೆಂಚು. ಕೋಣೆ ತುಂಬ ಅಮ್ಮನ ಸಾಮಾನು: ಟ್ರಂಕು, ಕಂಬಳಿ, ಉಪ್ಪಿನಕಾಯಿ ಭರಣಿ, ಅಪ್ಪ ಗದ್ದೆಗೆ ಹೋಗುವಾಗ ಹೊದೀತಿದ್ದ ಗೊರಬು. ಕೆಲಸಕ್ಕೆ ಬಂದ ಹುಡುಗ, "ಅಜ್ಜೀ, ಇದೆಲ್ಲಾ ಇನ್ನೂ ಬೇಕಾ?" ಅಂತ ಕೇಳಿದ. ಅಮ್ಮ ಹೇಳಿದ್ದು ಇಷ್ಟೇ: "ಬೇಕೋ ಬೇಡವೋ ಆಮೇಲೆ ಹೇಳ್ತೀನಿ ಮಗಾ. ಮೊದಲು ಧೂಳು ಬೀಳದ ಕಡೆ ಇಡು."

ಆ ಹುಡುಗನ ಪ್ರಶ್ನೆ ಸಣ್ಣದಲ್ಲ. ಒಂದು ಕೋಣೆ ಸರಿಮಾಡುವಾಗ ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ತೀರ್ಮಾನ ಮಾಡೋ ಹಕ್ಕು ಯಾರದು? ದುಡ್ಡು ಕೊಡುವವನದಾ? ಕೆಲಸ ಮಾಡುವವನದಾ? ಅಲ್ಲಿ ಬದುಕುವವರದಾ?

ಮೊದಲನೆಯದಾಗಿ, 36ನೇ ವಚನ ಗಮನಿಸಿ. ಮನೆಯ ಯಜಮಾನ ತಾನೇ ಹೋಗಿ ಯಾಜಕನಿಗೆ ತಿಳಿಸಿದ್ದಾನೆ. ಯಾಜಕ ತಕ್ಷಣ ಒಳಗೆ ಬರೋದಿಲ್ಲ. ತಾನು ಬಂದು ನೋಡುವ ಮೊದಲೇ ಮನೆ ಖಾಲಿ ಮಾಡಿ ಅಂತ ಹೇಳಿಕಳಿಸಬೇಕು. ಯಾಕೆ? ಅವನು ಬಂದು ನೋಡಿ ಮನೆ ಅಶುದ್ಧ ಅಂತ ಹೇಳಿಬಿಟ್ಟರೆ ಒಳಗಿರೋ ಸಾಮಾನೆಲ್ಲಾ ಅಶುದ್ಧವಾಗುತ್ತೆ. ಬಟ್ಟೆ, ಮರದ ಸಾಮಾನನ್ನು ತೊಳೆದು ಶುದ್ಧ ಮಾಡಬಹುದು. ಮಣ್ಣಿನ ಮಡಕೆಯನ್ನು ಒಡೆದೇ ಹಾಕಬೇಕು. ಬೈಬಲ್ ಕಾಲೇಜಿನಲ್ಲಿ ಓದುವಾಗ ತಿಳಿದ ಒಂದು ವಿಷಯ ಹೇಳ್ತೀನಿ. ಎರಡನೇ ಶತಮಾನದ ರಬ್ಬಿ ಮೇಯಿರ್ ಎಂಬ ಯೆಹೂದಿ ಗುರು ಇದೇ ವಚನದ ಬಗ್ಗೆ ಹೇಳಿದ ಮಾತು ಮಿಷ್ನಾದಲ್ಲಿದೆ. ಹಾಗಾದರೆ ಧರ್ಮಶಾಸ್ತ್ರ ಉಳಿಸಲು ನೋಡಿದ್ದು ಮಡಕೆಗಳನ್ನು. ಅಷ್ಟು ಅಗ್ಗದ ವಸ್ತುವಿನ ಮೇಲೇ ದೇವರಿಗೆ ಇಷ್ಟು ಕಾಳಜಿ ಇದ್ದರೆ ಮನೆಯವರ ಪ್ರಾಣದ ಮೇಲೆ ಇನ್ನೆಷ್ಟಿರಬೇಕು ಅನ್ನೋದು ಅವರ ವಾದ. ಆಮೆನ್ ಹೇಳ್ತೀರಾ?

ತೀರ್ಪು ಗೋಡೆಗೆ. ಗೋಡೆಯ ತಪ್ಪಿಗೆ ಅಜ್ಜಿಯ ಭರಣಿ ಹೋಗಬಾರದು. ಖಾಲಿ ಮಾಡೋದು ಅಂದರೆ ಎಸೆಯೋದಲ್ಲ, ಕಾಪಾಡೋದು. ಹಾಗಾಗಿ ಸಾಮಾನನ್ನು ಮೊದಲು ಒಣಗಿದ ಜಾಗಕ್ಕೆ ಸಾಗಿಸಿ, ಟಾರ್ಪಾಲು ಹೊದಿಸಿ, ಯಾರದು ಯಾವುದು ಅಂತ ಗುರುತು ಹಾಕಿ. ಬೇಕು ಬೇಡ ಆಮೇಲೆ. ಆ ಮಾತನ್ನು ಹೇಳುವವರು ಅದರ ಯಜಮಾನರು.

ಎರಡನೆಯದು. ಕೆಲವು ಯುವಕರು ಕೇಳ್ತಾರೆ: "ಪಾಸ್ಟರ್, ಹೀಗಾದರೆ ಹಳೇದು ಯಾವುದೂ ಹೋಗಲ್ಲ. ಬೂಷ್ಟು ಹಿಡಿದ ಹಾಸಿಗೆಯಲ್ಲೇ ಮಲಗಿ ಅಜ್ಜಿಗೆ ಕೆಮ್ಮು ಜಾಸ್ತಿ ಆಗುತ್ತೆ." ಇದು ನಿಜವಾದ ಮಾತು, ತಳ್ಳಿಹಾಕಬೇಡಿ. ವಾಕ್ಯವೂ ತಳ್ಳಿಹಾಕಲ್ಲ. ಹಿಂದಿನ 13ನೇ ಅಧ್ಯಾಯದ ಕೊನೆಯಲ್ಲಿ ಬಟ್ಟೆಯ ವಿಷಯ ಇದೆ. ಏಳು ದಿನ ಬೇರೆ ಇಡಬೇಕು, ನೋಡಬೇಕು. ಹರಡಿದ್ದರೆ ಸುಡಬೇಕು. ಹರಡದಿದ್ದರೆ ಒಗೆದು ಇನ್ನೂ ಏಳು ದಿನ ಕಾಯಬೇಕು. ಮನೆಗೂ ಹಾಗೇ. ಏಳು ದಿನ ಮುಚ್ಚಿ ನೋಡಬೇಕು. ಹರಡಿದ್ದರೆ ಆ ಕಲ್ಲುಗಳನ್ನು ಮಾತ್ರ ಕೀಳಬೇಕು, ಗೋಡೆ ಹೆರೆಯಬೇಕು, ಬೇರೆ ಕಲ್ಲು ಕೂರಿಸಿ ಬೇರೆ ಗಾರೆ ಹಚ್ಚಬೇಕು. ಆಮೇಲೂ ತಿರುಗಿ ಬಂದರೆ ಮಾತ್ರ ಇಡೀ ಮನೆ ಕೆಡವೋದು. ಇಲ್ಲಿ ಕರುಣೆಯೂ ಇದೆ, ಕಟ್ಟುನಿಟ್ಟೂ ಇದೆ. ಹೋಗಬೇಕಾದ್ದು ಹೋಗಲೇಬೇಕು, ಆದರೆ ಒಂದೇ ನೋಟಕ್ಕಲ್ಲ.

ನಾವು ಮಾಡೋದೇನು? ಬೂಷ್ಟಿನ ಮೇಲೇ ಪೇಂಟ್ ಬಳಿದು ಬಿಡ್ತೀವಿ. ಜುಲೈ ತಿಂಗಳಿಗೆ ಪೇಂಟ್ ಉಬ್ಬಿ ಉದುರುತ್ತೆ. ಹೆಂಚು ಒಡೆದಿದೆಯಾ, ಹಿಂದಿನ ದರೆಯ ನೀರು ಗೋಡೆ ಬುಡಕ್ಕೆ ಬರ್ತಿದೆಯಾ, ಅದನ್ನು ಮೊದಲು ನೋಡಬೇಕು. ಜಂಬಿಟ್ಟಿಗೆ ನೀರು ಹೀರುತ್ತೆ. ಹಸಿ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿಯುತ್ತೆ. ಹೆರೆದು, ಬಿಸಿಲು ಗಾಳಿಗೆ ಒಣಗಲು ಬಿಡಬೇಕು. ಸುಣ್ಣದ ಗಾರೆಯಾದರೆ ತೇವ ಹೊರಗೆ ಹೋಗೋಕೆ ದಾರಿ ಇರುತ್ತೆ.

ಇನ್ನು ಕಿತ್ತ ಕಲ್ಲು, ಕೆರೆದ ಗಾರೆ ಎಲ್ಲಿಗೆ ಹೋಗಬೇಕು? ಊರ ಹೊರಗೆ ಅದಕ್ಕಂತಲೇ ಇರೋ ಜಾಗಕ್ಕೆ ಅಂತ ವಾಕ್ಯ ಹೇಳುತ್ತೆ. ನಮ್ಮಲ್ಲಿ ರಾತ್ರಿ ಪಿಕಪ್‌ನಲ್ಲಿ ತಂದು ಹಳ್ಳಕ್ಕೆ ಸುರಿಯೋದು ಉಂಟು. ಆ ಹಳ್ಳ ತುಂಗೆಗೋ ಭದ್ರೆಗೋ ಸೇರುತ್ತೆ, ಕೆಳಗಿನ ಊರಿನವರು ಅದೇ ನೀರು ಕುಡೀತಾರೆ. ಕಟ್ಟಡ ತ್ಯಾಜ್ಯವನ್ನು ಚರಂಡಿಗೆ, ರಸ್ತೆಗೆ ಹಾಕಬಾರದು ಅಂತ 2016ರಲ್ಲೇ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಕಾನೂನು ಇಲ್ಲದಿದ್ದರೂ, ನಮ್ಮ ಕೋಣೆಯ ಅಶುದ್ಧವನ್ನು ಪಕ್ಕದವನ ಅಂಗಳಕ್ಕೆ ಹಾಕೋದು ಶುದ್ಧೀಕರಣ ಅಲ್ಲ.

ಮೂರನೆಯದು, ಈ ದಿನಗಳ ಭಾರ ಯಾರು ಹೊರ್ತಾರೆ? ಕೋಣೆ ಒಡೆದರೂ ಒಲೆ ಉರಿಯೋದು ನಿಲ್ಲಲ್ಲ. ಕೆಲಸದವರಿಗೆ ಹತ್ತು ಗಂಟೆಗೆ ಟೀ, ಮಕ್ಕಳಿಗೆ ಊಟದ ಡಬ್ಬಿ, ಪಾತ್ರೆ ಮೇಲೆಲ್ಲಾ ಧೂಳು. ಎರಡು ಸಲ ಗುಡಿಸುವ ಮನೆಯನ್ನು ಆರು ಸಲ ಗುಡಿಸೋದು ಯಾರು? ಸಹೋದರರೇ, ನಿಮ್ಮನ್ನೇ ಕೇಳ್ತಿದ್ದೀನಿ. ಮೇಸ್ತ್ರಿ ಜೊತೆ ನಿಂತು ಮಾತಾಡೋದಷ್ಟೇ ನಮ್ಮ ಕೆಲಸ ಅಲ್ಲ. ಕೆಲಸದವರ ಕೂಲಿಯೂ ಹಾಗೇ. ಯೆರೆಮೀಯ 22ರಲ್ಲಿ ಯೆಹೋಯಾಕೀಮ ಅರಸ ದೇವದಾರು ಹಲಗೆ ಹೊದಿಸಿ, ಕೆಂಪು ಬಣ್ಣ ಬಳಿದು ದೊಡ್ಡ ಮನೆ ಕಟ್ಟಿಸಿದ, ದುಡಿದವರಿಗೆ ಕೂಲಿ ಕೊಡಲಿಲ್ಲ. ಕೋಣೆ ಚೆಂದ ಆಗಿತ್ತು, ಆದರೂ ಪ್ರವಾದಿಯ ಬಾಯಿಂದ ಬಂದದ್ದು ಅಯ್ಯೋ ಅನ್ನೋ ಮಾತು.

ಪ್ರಿಯರೇ, ಸಭೆಯಲ್ಲೂ ಇದೇ ಕ್ರಮ ಬೇಕು. ಒಬ್ಬ ಸಹೋದರನಲ್ಲಿ ಒಂದು ದೋಷ ಕಂಡ ಕೂಡಲೇ ಅವನು ಇಪ್ಪತ್ತು ವರ್ಷ ಮಾಡಿದ ಸೇವೆ, ಅವನ ಮನೆಯವರು, ಎಲ್ಲವನ್ನೂ ಒಟ್ಟಿಗೆ ಹೊರಗೆ ಹಾಕ್ತೀವಿ. ದೋಷವನ್ನು ಮುಚ್ಚಬೇಡಿ, ಹೆರೆಯಿರಿ. ಆದರೆ ಅದಕ್ಕೆ ಮೊದಲು ಕಾಪಾಡಬೇಕಾದ್ದನ್ನು ಹೊರಗೆ ತಂದು ಇಡಿ.

ಈ ವಾರ ಯಾರ ಮನೆಯಲ್ಲಿ ಕೆಲಸ ಇದೆಯೋ, ಗೋಡೆ ಅಳೆಯುವ ಮೊದಲು ಆ ಕೋಣೆಯಲ್ಲಿ ಮಲಗುವವರ ಹತ್ತಿರ ಕೂತು ಕೇಳಿ: "ಯಾವುದನ್ನು ಮೊದಲು ಎತ್ತಿಡಲಿ?" ಪಕ್ಕದ ಮನೆಯವರು ಸಾಮಾನು ಹೊರೋಕೆ ಒಂದು ಕೈ ಕೊಡಿ, ಒಂದು ಹೊತ್ತಿನ ಅನ್ನ ಕಳಿಸಿ. ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.