ಮನಸ್ಸಿಲ್ಲದ ಪ್ರಾರ್ಥನೆ ಕಪಟವೇ?

"ಅಪ್ಪಾ, ಮನಸ್ಸಿಲ್ಲದೆ ಜಪಸರ ಹೇಳುವುದು ಕಪಟವಲ್ಲವೇ?" ಹದಿಹರೆಯದ ಮಗ ಹೀಗೆ ಕೇಳಿದಾಗ ಎಷ್ಟೋ ಮನೆಗಳಲ್ಲಿ ಗದರಿಕೆಯೇ ಉತ್ತರ. ಪ್ರಿಯ ಓದುಗರೇ, ಪ್ರಶ್ನೆ ಮಾತ್ರ ಗದರಿಕೆಗೆ ತಕ್ಕದ್ದಲ್ಲ. ಇದಕ್ಕೆ ಉತ್ತರ ಹುಡುಕಲು ನಿಮ್ಮನ್ನು ಒಂದೇ ತಂತಿಯ ವಾದ್ಯವೊಂದರ ಬಳಿಗೆ ಕರೆದೊಯ್ಯುತ್ತೇನೆ.

ತತ್ವಪದ ಹಾಡುವವರ ಕೈಯಲ್ಲಿ ಏಕತಾರಿಯನ್ನು ನೀವು ಕಂಡಿರಬಹುದು. ಶಿಶುನಾಳ ಷರೀಫರ (1819-1889) ಪದಗಳನ್ನು ಇಂದಿಗೂ ಇದರೊಡನೆ ಹಾಡುವವರಿದ್ದಾರೆ. ನಮ್ಮ ವಾದ್ಯವಲ್ಲವೆಂದು ಹಿಂಜರಿಯಬೇಡಿ. ಆಯಾ ನಾಡಿನ ಸಂಗೀತ ಸಂಪ್ರದಾಯಕ್ಕೆ ತಕ್ಕ ಗೌರವ ಸಲ್ಲಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯೇ 1963ರಲ್ಲಿ ಹೇಳಿದೆ. ಏಕತಾರಿ ಮಾಡುವ ಬಗೆ ಸರಳ. ಬಲಿತ ಸೋರೆಕಾಯಿಯನ್ನು ಒಳಗಿನ ಬೀಜ ಗಲಗಲ ಎನ್ನುವವರೆಗೆ ಒಣಗಿಸಿ, ಬಾಯಿ ಕೊಯ್ದು, ತಿರುಳನ್ನು ಕೆರೆದು ತೆಗೆಯಬೇಕು. ನೆನೆಸಿದ ಆಡಿನ ಚರ್ಮವನ್ನು ಆ ಬಾಯಿಗೆ ಎಳೆದು ಕಟ್ಟಿದರೆ ಒಣಗುತ್ತಾ ಅದು ತಾನೇ ಬಿಗಿಯುತ್ತದೆ. ಬುರುಡೆಯ ಮೂಲಕ ಬಿದಿರಿನ ಕೋಲು ತೂರಿಸಿ, ಅದರ ಕೆಳತುದಿಗೆ ತಂತಿಯನ್ನು ಕಟ್ಟಿ, ಚರ್ಮದ ಮೇಲೆ ನಿಲ್ಲಿಸಿದ ಪುಟ್ಟ ಕುದುರೆಯನ್ನು ದಾಟಿಸಿ, ಮೇಲಿನ ಬಿರಡೆಗೆ ಸುತ್ತಿದರೆ ಮುಗಿಯಿತು.

ನುಡಿಸುವುದೂ ಸುಲಭವೆಂದೇ ತೋರುತ್ತದೆ, ತೋರುಬೆರಳಿನಿಂದ ಮೀಟಿದರಾಯಿತಲ್ಲ! ಆದರೆ ಮೊದಲ ದಿನಗಳಲ್ಲಿ ಬೆರಳು ಉರಿಯುತ್ತದೆ, ದನಿ ಒಡಕಾಗಿ ಬರುತ್ತದೆ. ಹಾಡಿನತ್ತ ಗಮನ ಕೊಟ್ಟರೆ ಮೀಟು ತಪ್ಪುತ್ತದೆ, ಮೀಟಿನತ್ತ ಗಮನ ಕೊಟ್ಟರೆ ಹಾಡು ನಿಲ್ಲುತ್ತದೆ. ಹೀಗೆ ತಡವರಿಸುವವನನ್ನು ಯಾರಾದರೂ ಕಪಟಿ ಎಂದಾರೆಯೇ? ತನ್ನಲ್ಲಿಲ್ಲದ ಸಂಗೀತವನ್ನು ಇದೆಯೆಂದು ತೋರಿಸಿಕೊಳ್ಳುವವನು ಕಪಟಿ. ಯೇಸುಸ್ವಾಮಿ ಖಂಡಿಸಿದ್ದು ಜನ ನೋಡಲೆಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು; ಆಕಳಿಸುತ್ತಾ ಜಪಸರ ಹಿಡಿದ ಹುಡುಗನನ್ನಲ್ಲ.

ತಂತಿವಾದ್ಯವನ್ನು ನುಡಿಸುತ್ತಲೇ ವಾದಕರಾಗುತ್ತೇವೆ, ನ್ಯಾಯದ ಕಾರ್ಯಗಳನ್ನು ಮಾಡುತ್ತಲೇ ನ್ಯಾಯವಂತರಾಗುತ್ತೇವೆ ಎಂಬುದು ಅರಿಸ್ಟಾಟಲನ ವಾದ. ಇದನ್ನು ಉದಾಹರಿಸುವವರು ಬಹಳ. ಆದರೆ ಕೆಟ್ಟ ವಾದಕರು ಹುಟ್ಟುವುದೂ ಅದೇ ಅಭ್ಯಾಸದಿಂದ ಎಂದು ಅವನು ಮುಂದೆ ಹೇಳುವುದನ್ನು ನೆನೆಯುವವರು ಕಡಿಮೆ. ಹಾಗಾದರೆ ಬರೀ ಪುನರಾವರ್ತನೆ ಸಾಲದು. ಮತ್ತೇನು ಬೇಕು? ಏಕತಾರಿಯವನು ಹಾಡುವ ಮುನ್ನ ಪ್ರತಿ ಸಲವೂ ತನ್ನ ಕಂಠದ ಶ್ರುತಿಗೆ ಬಿರಡೆಯನ್ನು ತಿರುವುತ್ತಾನೆ. ನಿನ್ನೆ ಕೂಡಿಸಿದ ಶ್ರುತಿ ಇಂದಿಗೆ ಉಳಿದಿರುವುದಿಲ್ಲ. ಮಳೆಗಾಲದ ತೇವಕ್ಕೆ ಚರ್ಮ ಸಡಿಲಗೊಂಡು ದನಿ ಇಳಿದಿರುತ್ತದೆ. ಪ್ರಾರ್ಥನೆಯ ಬಗ್ಗೆ ಸಂತ ತೋಮಸ್ ಅಕ್ವಿನಾಸರ ಬೋಧನೆಯೂ ಇದಕ್ಕೆ ಹತ್ತಿರವೇ. ದೇವರತ್ತ ಮನಸ್ಸಿಟ್ಟು ಆರಂಭಿಸಿದ ಮೇಲೆ ಮನಸ್ಸು ತಾನಾಗಿ ಅಲೆದರೆ ಪ್ರಾರ್ಥನೆಯ ಫಲ ನಷ್ಟವಾಗದು. ಬೇಕೆಂದೇ ಅಲೆಯಬಿಟ್ಟರೆ ಅದು ಪಾಪ.

ಹಾಗೆಂದು ಅಭ್ಯಾಸದಿಂದಲೇ ವಿಶ್ವಾಸವನ್ನು ಹುಟ್ಟಿಸಬಹುದೆಂದು ತಿಳಿಯಬಾರದು. ವಿಶ್ವಾಸ, ನಿರೀಕ್ಷೆ, ಪ್ರೀತಿ ಇವು ದೇವರೇ ನಮ್ಮೊಳಗೆ ಸುರಿಸುವ ವರಗಳೆಂದು ಅದೇ ತೋಮಸರು ಕಲಿಸುತ್ತಾರೆ. ಮಗನನ್ನು ಮಂಡಿಯೂರಿಸಬಹುದು, ಅವನ ಅಂತರಂಗವನ್ನಲ್ಲ. ಇಷ್ಟು ಮಾತ್ರ ನಿಜ: ಕಲಿಯುವವನು ಶ್ರುತಿ ಹಿಡಿಯುವುದು ಮುಂದೆ ಕುಳಿತು ಹಾಡುವವರ ಕಂಠದಿಂದ. ಅಪ್ಪನ ಒಂದು ಕೈಯಲ್ಲಿ ಜಪಸರ, ಇನ್ನೊಂದರಲ್ಲಿ ಮೊಬೈಲ್ ಇದ್ದರೆ ಹುಡುಗ ಯಾವ ಶ್ರುತಿಯನ್ನು ಹಿಡಿಯಬೇಕು?

ಐದು ರಹಸ್ಯಗಳಿಗೆ ಮನೆ ಇನ್ನೂ ಒಗ್ಗದಿದ್ದರೆ ಒಂದನ್ನೇ ಹೇಳಿ. ಅದಕ್ಕೆ ಮುನ್ನ ಟಿವಿ ಆರಿಸಿ, ಒಂದು ನಿಮಿಷ ಎಲ್ಲರೂ ಸುಮ್ಮನೆ ಕುಳಿತುಕೊಳ್ಳಿ. ಮಗ ಮತ್ತೆ ಅದೇ ಪ್ರಶ್ನೆ ಕೇಳಿದರೆ, ನಿಮ್ಮ ಮನಸ್ಸೂ ಎಷ್ಟೋ ಸಲ ಅಲೆಯುತ್ತದೆಂದು ಅವನಿಗೆ ಹೇಳಿ.